882ರಲ್ಲಿ ಸಿಗುವ ದನಿ

ಕೊಯಮತ್ತೂರು ಕಡೆಯ ಸೋಮನೂರಿನಲ್ಲಿ ಮೀಡಿಯಂ ವೇವ್ ರೇಡಿಯೊ ಕೇಳಬೇಕೆಂದರೆ ಕರೆಂಟು ಹೋಗುವುದನ್ನು ಕಾಯುವುದೇ ವಾಸಿ. ಪವರ್‌ಲೂಮುಗಳ ಮೋಟರು ಓಡುವವರೆಗೂ ಸೆಟ್ಟಿನಲ್ಲಿ ಗರಗರ ಸದ್ದು ಬಿಟ್ಟು ಬೇರೇನೂ ಇರುವುದಿಲ್ಲ. ಮಗ್ಗ ನಿಂತು, ಕತ್ತಲೂ ಆದ ಮೇಲೆ ಮುಳ್ಳನ್ನು 900ರಿಂದ ತುಸು ಕೆಳಗಿಳಿಸಿದರೆ 882 ಕಿಲೋಹರ್ಟ್ಸ್‌ನಲ್ಲಿ ಒಂದು ದನಿ ಏಳುತ್ತದೆ. ಒಮ್ಮೆ ತಮಿಳು, ಇನ್ನೊಮ್ಮೆ ಕನ್ನಡ, ಮತ್ತೊಂದು ಹೊತ್ತಿಗೆ ಬೇರೆ ಯಾವುದೋ ಭಾಷೆ. ಕೊನೆಗೆ ಒಂದು ಅಂಚೆಪೆಟ್ಟಿಗೆಯ ವಿಳಾಸ. ಇದು ಟ್ರಾನ್ಸ್ ವರ್ಲ್ಡ್ ರೇಡಿಯೊ. ನಮ್ಮ ದೇಶದಲ್ಲಿ ಅದರ ಹೆಸರು ‘ವಿಶ್ವವಾಣಿ’. ದನಿ ಹೊರಡುವ ಜಾಗ ಶ್ರೀಲಂಕಾದ ಪಶ್ಚಿಮ ಕರಾವಳಿಯ ಪುತ್ತಳಂ. ಇಲ್ಲಿಂದ ಸುಮಾರು 450 ಕಿ.ಮೀ.

ಕ್ರೈಸ್ತ ಬೋಧನೆ ಸಮುದ್ರದಾಚೆಯಿಂದ ಯಾಕೆ ಬರಬೇಕು, ಸೋಮನೂರಿಗೆ ಅಂಟಿಕೊಂಡೇ ಇರುವ ಕರುಮತ್ತಂಪಟ್ಟಿಯ ಜಪಮಾಲೆ ಮಾತೆಯ ಹಳೆಯ ಚರ್ಚಿನಿಂದಲೇ ಬರಬಹುದಲ್ಲ? ಬರುವಂತಿಲ್ಲ. ನಮ್ಮಲ್ಲಿ ಮೀಡಿಯಂ ವೇವ್, ಶಾರ್ಟ್‌ವೇವ್ ಎರಡೂ ಆಕಾಶವಾಣಿಯ ಕೈಯಲ್ಲಿವೆ. ಖಾಸಗಿ ಎಫ್‌ಎಂ ಪರವಾನಗಿ ಧಾರ್ಮಿಕ ಸಂಸ್ಥೆಗಳಿಗೆ ಸಿಗುವುದಿಲ್ಲ. ಹಾಗಾಗಿ ಧರ್ಮಪ್ರಚಾರದ ರೇಡಿಯೊ ಎಂದೂ ಗಡಿಯಾಚೆಗೇ ಗೋಪುರ ನೆಟ್ಟುಕೊಂಡಿತು. ಮನಿಲಾದಲ್ಲಿ ಎಫ್‌ಇಬಿಸಿ 1948ರಲ್ಲಿ ಶುರುವಾಯಿತು. ಟ್ರಾನ್ಸ್ ವರ್ಲ್ಡ್ ರೇಡಿಯೊದ ಮೊದಲ ನೆಲೆ 1954ರಲ್ಲಿ ಮೊರಾಕ್ಕೊದ ಟ್ಯಾಂಜಿಯರ್. ಲುಥೆರನ್ನರ ‘ರೇಡಿಯೊ ವಾಯ್ಸ್ ಆಫ್ ದ ಗಾಸ್ಪೆಲ್’ 1963ರಿಂದ ಆಡಿಸ್ ಅಬಾಬಾದಲ್ಲಿ ನಡೆಯುತ್ತಿತ್ತು. 1977ರಲ್ಲಿ ಇಥಿಯೋಪಿಯದ ಕ್ರಾಂತಿ ಸರ್ಕಾರ ಅದನ್ನು ಕಿತ್ತುಕೊಂಡಿತು. ಬೆಂಗಳೂರಿನಲ್ಲಿ ಕಚೇರಿ ಇಟ್ಟುಕೊಂಡ ಫೀಬಾ ಸಂಸ್ಥೆಯ ಗೋಪುರಗಳು 1970ರಿಂದ 2003ರವರೆಗೆ ಸೆಶೆಲ್ಸ್ ದ್ವೀಪದಲ್ಲಿದ್ದವು, ಅದೂ ದಡದಾಚೆ, ಹವಳದ ದಿಬ್ಬದ ಮೇಲೆ. ಉಪ್ಪುನೀರು ರೇಡಿಯೊ ಅಲೆಗಳಿಗೆ ಒಳ್ಳೆಯ ಕನ್ನಡಿ.

ಸೆಶೆಲ್ಸ್‌ನಿಂದ ಇಲ್ಲಿಗೆ ಮೂರು ಸಾವಿರ ಕಿ.ಮೀ. ಹತ್ತಿರ. ಅಷ್ಟು ದೂರಕ್ಕೆ ಶಾರ್ಟ್‌ವೇವ್ ಬೇಕು. 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಈ ಅಲೆಗಳು ನೂರಾರು ಕಿ.ಮೀ. ಎತ್ತರದ ಅಯಾನುಗೋಲಕ್ಕೆ ತಾಗಿ ಮತ್ತೆ ನೆಲಕ್ಕೆ ಬಾಗುತ್ತವೆ. ಹಗಲಿಗೆ ಮೇಲಿನ ಆವರ್ತನ ಒಗ್ಗುತ್ತದೆ, ರಾತ್ರಿಗೆ ಕೆಳಗಿನದು. ಋತು ಬದಲಾದರೆ ಆಕಾಶದ ಸ್ಥಿತಿಯೂ ಬದಲಾಗುವುದರಿಂದ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರಗಳಂದು ಜಗತ್ತಿನ ಶಾರ್ಟ್‌ವೇವ್ ಕೇಂದ್ರಗಳೆಲ್ಲ ವೇಳಾಪಟ್ಟಿ ತಿದ್ದುತ್ತವೆ. ನಿನ್ನೆ ಸಿಕ್ಕ ಕಾರ್ಯಕ್ರಮ ಇಂದು ಮಾಯವಾದರೆ ಹೆಚ್ಚಿನ ಸಲ ಕಾರಣ ಇಷ್ಟೆ. ಪುತ್ತಳಂನ ಮೀಡಿಯಂ ವೇವ್ ಕಥೆ ಬೇರೆ. 400 ಕಿಲೋವಾಟ್ ಶಕ್ತಿ, 340 ಮೀಟರ್ ಉದ್ದದ ಅಲೆ. ಹಗಲಲ್ಲಿ ಅಯಾನುಗೋಲದ ಕೆಳಪದರ ಅದನ್ನು ಹೀರಿಬಿಡುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, ದನಿ ಕೊಯಮತ್ತೂರು ದಾಟಿ ಮೈಸೂರನ್ನೂ ಮುಟ್ಟುತ್ತದೆ. ಇದಕ್ಕೆ ಅಗ್ಗದ ಸೆಟ್ಟು ಸಾಕು.

ಗೋಪುರ, ಅಲೆ ಎಲ್ಲ ದುಡ್ಡಿದ್ದರೆ ಆಗುವ ಕೆಲಸ. ಕಷ್ಟ ಬರುವುದು ಮೈಕಿನ ಮುಂದೆ, ಅದರಲ್ಲೂ ಕೇಳುಗ ಮುಸ್ಲಿಮನಾಗಿದ್ದರೆ. ಯಾವ ಭಾಷೆಯಲ್ಲಿ ಮಾತಾಡಬೇಕು?

ಸೋಮನೂರಿನ ದೇವಾಂಗ ನೇಕಾರರಿಗೆ ಈ ಪ್ರಶ್ನೆಯನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಕನ್ನಡ, ಮಗ್ಗದ ಕೂಲಿಯ ಲೆಕ್ಕ ತಮಿಳಿನಲ್ಲಿ. ರೇಡಿಯೊ ಕನ್ನಡವೋ ಬೆಂಗಳೂರಿನದು, ನಮ್ಮ ಅಡುಗೆಮನೆಯದಲ್ಲ. ಕೊಯಮತ್ತೂರಿನ ಕೋಟೈಮೇಡು, ಉಕ್ಕಡಂ ಕಡೆಯ ಮುಸ್ಲಿಮರಲ್ಲೂ ಇಂಥದೇ ಸ್ಥಿತಿ. ರಾವುತ್ತರ್ ಮನೆಗಳಲ್ಲಿ ತಮಿಳು, ಇನ್ನು ಕೆಲವರಲ್ಲಿ ದಖನಿ. ಕರ್ನಾಟಕಕ್ಕೆ ಹೋದರೆ ದಖನಿಯ ಜೊತೆಗೆ ಕರಾವಳಿಯಲ್ಲಿ ಬ್ಯಾರಿ. ‘ಮುಸ್ಲಿಮರಿಗೆ ಉರ್ದು’ ಎಂದುಕೊಂಡು ಲಖನೌ ಶೈಲಿಯ ಉರ್ದುವಿನಲ್ಲಿ ಮಾತಾಡಿದರೆ ಮನೆಯ ಅಜ್ಜಿಗೆ ಅದು ಸುದ್ದಿ ಓದಿದಂತೆ ಕೇಳಿಸುತ್ತದೆ.

ಭಾಷೆ ಆರಿಸಿಕೊಂಡ ಮೇಲೆ ಪದಗಳ ತೊಡಕು. ಚರ್ಚಿನ ಕನ್ನಡದ ‘ಯೇಸುಸ್ವಾಮಿ’ ಮುಸ್ಲಿಂ ಕಿವಿಗೆ ಬೇರೆಯವರ ದೇವರು. ‘ಈಸಾ’ ಎಂದರೆ ತನ್ನದೇ ಗ್ರಂಥದ ಪ್ರವಾದಿ. ಹಾಗೆಯೇ ಕೀರ್ತನೆಗಳಿಗೆ ಜಬೂರ್, ಸುವಾರ್ತೆಗೆ ಇಂಜೀಲ್, ಮೋಶೆಯ ಗ್ರಂಥಕ್ಕೆ ತೌರಾತ್. ತಮಿಳು ಮುಸ್ಲಿಮರು ನಮಾಜಿಗೆ ‘ತೊಳುಗೈ’, ಉಪವಾಸಕ್ಕೆ ‘ನೋನ್ಬು’ ಎಂಬ ಅಚ್ಚ ತಮಿಳು ಪದಗಳನ್ನೇ ಬಳಸುತ್ತಾರೆ. ಅಲ್ಲಿ ಅರಬ್ಬಿ ಪದ ತುರುಕಿದರೆ ಅದೂ ಬಿಗುವೇ. ಬಲ್ಲ ನಿರೂಪಕ ಯೂಸುಫನ ಕಥೆಯಿಂದಲೋ ಮರಿಯಮ್ಮಳ ಕಥೆಯಿಂದಲೋ ಶುರು ಮಾಡುತ್ತಾನೆ. ಕುರಾನಿನ 12ನೇ ಅಧ್ಯಾಯ ಯೂಸುಫನದು, 19ನೆಯದು ಮರಿಯಮ್ಮಳದು. ‘ದೇವರ ಮಗ’ ಎಂಬ ಮಾತನ್ನು ಆದಷ್ಟು ತಡವಾಗಿ ಎತ್ತುತ್ತಾನೆ, ಯಾಕೆಂದರೆ ದೇವರು ಹೆತ್ತವನೂ ಅಲ್ಲ, ಹುಟ್ಟಿದವನೂ ಅಲ್ಲ ಎಂಬುದು ಇಸ್ಲಾಮಿನ ಬುನಾದಿ. ಆ ಮಾತನ್ನು ಹೀಗೆ ಹಿಂದಕ್ಕೆ ತಳ್ಳುವುದನ್ನು ಕ್ರೈಸ್ತರೆಲ್ಲ ಒಪ್ಪುವುದಿಲ್ಲ. ಕೇಳುಗನಿಗೆ ಹಿತವಾಗಲೆಂದು ಆ ಪದವನ್ನೇ ತಿದ್ದಿದ ಬೈಬಲ್ ಅನುವಾದಗಳ ಬಗ್ಗೆ ಅವರೊಳಗೇ ದೊಡ್ಡ ಜಗಳವಾಗಿ, 2013ರಲ್ಲಿ ಒಂದು ಅಂತರರಾಷ್ಟ್ರೀಯ ಸಮಿತಿ ಕೂತು ವರದಿ ಕೊಡಬೇಕಾಯಿತು. ಪದ ಎರವಲು ತೆಗೆದುಕೊಳ್ಳುವುದು ಸೌಜನ್ಯವೋ ವೇಷವೋ? ಮೊದಲ ವಾಕ್ಯದಲ್ಲೇ ತಾನು ಕ್ರೈಸ್ತ ಎಂದು ಹೇಳಿದವನದು ಸೌಜನ್ಯ, ಹತ್ತನೇ ಕಂತಿನವರೆಗೆ ಮುಚ್ಚಿಟ್ಟವನದು ವೇಷ ಎಂದು ನನ್ನ ಎಣಿಕೆ.

ವಾದಕ್ಕಿಳಿದರೆ ಏನಾಗುತ್ತದೆ ಎಂಬುದಕ್ಕೆ 1854ರ ಆಗ್ರಾ ಉದಾಹರಣೆ ಇದೆ. ಜರ್ಮನ್ ಪಾದ್ರಿ ಫಾಂಡರ್ ಮತ್ತು ಮೌಲಾನಾ ರಹಮತುಲ್ಲಾ ಕೈರಾನವಿ ಸಭೆಯಲ್ಲಿ ಎದುರೆದುರು ಕೂತು ವಾದಿಸಿದರು. ಫಾಂಡರ್‌ಗೆ ಮಾತು ಕಟ್ಟಿಹೋಯಿತು. ರೇಡಿಯೊದಲ್ಲಂತೂ ಎದುರಾಳಿಯೇ ಇಲ್ಲ. ಮುಳ್ಳು ತಿರುಗಿಸಿದರೆ ಮುಗಿಯಿತು. ಆದ್ದರಿಂದ ಕಾರ್ಯಕ್ರಮ ಚೆನ್ನಾಗಿ ಮಾಡುವವರು ಪ್ರವಾದಿಯನ್ನೂ ಕುರಾನನ್ನೂ ಹಳಿಯುವ ಗೋಜಿಗೆ ಹೋಗುವುದಿಲ್ಲ. ಕಥೆ, ಹಾಡು, ಆರೋಗ್ಯದ ನಾಲ್ಕು ಮಾತು, ಕೊನೆಗೆ ವಿಳಾಸ, ಎಲ್ಲ ಸೇರಿ ಹದಿನೈದು ನಿಮಿಷವೋ ಅರ್ಧಗಂಟೆಯೋ. ಅಲೆಗಳ ಓಟ ಒಂದೇ ಕಡೆಗೂ ಅಲ್ಲ. ಕೈರೋದ ಕುರಾನ್ ರೇಡಿಯೊ 1964ರಿಂದ ನಡೆಯುತ್ತಿದೆ. ಶ್ರೀಲಂಕಾ ಪ್ರಸಾರ ನಿಗಮದ ಮುಸ್ಲಿಂ ಸೇವೆ ತಮಿಳಿನಲ್ಲೇ ಇದೆ. ಪುತ್ತಳಂ ಎಂಬ ಊರಿನಲ್ಲೂ ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಗೋಪುರದ ನೆರಳಿನಲ್ಲಿರುವವರನ್ನು ಬಿಟ್ಟು ದನಿ ಮನ್ನಾರ್ ಕೊಲ್ಲಿ ದಾಟಿ ಬರುತ್ತದೆ!

ಇಷ್ಟಾಗಿ, ಕೇಳುವವರು ಯಾರೆಂದು ಕೇಂದ್ರಕ್ಕೆ ತಿಳಿಯುವುದು ಹೇಗೆ? ಬಹುಕಾಲ ಒಂದೇ ದಾರಿಯಿತ್ತು: ಅಂಚೆ. ಕಾಗದ ಬಂದರೆ ಒಂದು ಪುಸ್ತಿಕೆ, ಆಮೇಲೆ ಅಂಚೆಯಲ್ಲೇ ಬೈಬಲ್ ಪಾಠ. ಪಾಠಕ್ಕೆ ಉತ್ತರ ಬರೆದು ಕಳಿಸುವವನಿಗೆ ಮುಂದಿನ ಪಾಠ. ಅವನಾಗಿಯೇ ಕೇಳಿದರೆ ಹತ್ತಿರದ ಊರಿನ ಒಬ್ಬರ ಭೇಟಿ. ಈ ಸರಪಳಿಯ ಅತಿ ದುರ್ಬಲ ಕೊಂಡಿ ಲಕೋಟೆ. ಓಣಿಯಲ್ಲಿ ಎಲ್ಲರಿಗೂ ಪರಿಚಯದ ಅಂಚೆಯಣ್ಣ ಶಿಲುಬೆಯ ಮುದ್ರೆಯಿರುವ ಕವರನ್ನು ಮನೆ ಬಾಗಿಲಲ್ಲಿ ಕೊಟ್ಟರೆ ಗುಟ್ಟು ಮಧ್ಯಾಹ್ನಕ್ಕೆ ಬೀದಿಗೆ ಬೀಳುತ್ತದೆ. ಬರೀ ಬಿಳಿ ಕವರಿನ ಅಭ್ಯಾಸ ಅದಕ್ಕಾಗಿ.

ಕಾಗದಗಳ ಎಣಿಕೆಯನ್ನು ಹಾಗೇ ನಂಬುವಂತೆಯೂ ಇಲ್ಲ. ತಮಿಳುನಾಡಿನಲ್ಲಿ ದೂರದ ಕೇಂದ್ರ ಹಿಡಿಯುವುದನ್ನೇ ಹವ್ಯಾಸ ಮಾಡಿಕೊಂಡ ಡಿಎಕ್ಸರ್‌ಗಳು ಬಹಳ. ಅವರು ಬರೆಯುವುದು ದೇವರ ಬಗ್ಗೆ ಅಲ್ಲ, ಸಿನ್ಪೊ ಅಂಕಗಳನ್ನು. ದನಿಯ ಬಲ, ಬೇರೆ ಕೇಂದ್ರದ ಅಡ್ಡಿ, ಗದ್ದಲ, ಏರಿಳಿತ, ಒಟ್ಟು ಗುಣ, ಒಂದೊಂದಕ್ಕೂ 1ರಿಂದ 5. ‘45444’ ಎಂದು ಬರೆದು ಕಳಿಸಿದರೆ ಕೇಂದ್ರದಿಂದ, ಕೇಳಿದ್ದನ್ನು ದೃಢಪಡಿಸುವ ಕ್ಯೂಎಸ್‌ಎಲ್ ಕಾರ್ಡು, ಪುಣ್ಯವಿದ್ದರೆ ಕ್ಯಾಲೆಂಡರು. ಇಂಥವನು ಬೆಳಿಗ್ಗೆ ಕೈರೋಗೂ ಬರೆದಿರುತ್ತಾನೆ, ಸಂಜೆ ಬೀಜಿಂಗ್‌ಗೂ. ಪ್ರಸಾರ ಸಂಸ್ಥೆ ‘ಇಷ್ಟು ಸಾವಿರ ಕಾಗದ ಬಂತು’ ಎಂದರೂ, ವಿರೋಧಿಗಳು ‘ಇಷ್ಟು ಸಾವಿರ ಜನರನ್ನು ಸೆಳೆದರು’ ಎಂದರೂ ಇಬ್ಬರೂ ಲೆಕ್ಕ ಹಾಕುತ್ತಿರುವುದು ಅಂಚೆಚೀಟಿಗಳನ್ನು.

ಕಾನೂನು ಹೇಳುವುದನ್ನು ಚಿಕ್ಕದಾಗಿ ನೋಡೋಣ. ಸಂವಿಧಾನದ 25ನೇ ವಿಧಿ ಧರ್ಮ ಪ್ರಚಾರದ ಹಕ್ಕು ಕೊಡುತ್ತದೆ. ಆದರೆ ಇನ್ನೊಬ್ಬನನ್ನು ಮತಾಂತರಿಸುವುದು ಆ ಹಕ್ಕಿನೊಳಗೆ ಬರುವುದಿಲ್ಲವೆಂದು 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೇಳುವುದು, ಬರೆಯುವುದು, ಪಾಠ ತರಿಸಿಕೊಳ್ಳುವುದು ಯಾವುದೂ ಅಪರಾಧವಲ್ಲ. ಇನ್ನೊಂದು ಧರ್ಮವನ್ನು ಬೇಕೆಂದೇ ಅವಮಾನಿಸಿದರೆ ಮಾತ್ರ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಇದೆ. ತಮಿಳುನಾಡು 2002ರಲ್ಲಿ ಬಲವಂತದ ಮತಾಂತರದ ವಿರುದ್ಧ ಕಾನೂನು ತಂದು ಕೆಲವೇ ವರ್ಷಗಳಲ್ಲಿ ಹಿಂತೆಗೆಯಿತು. ಕರ್ನಾಟಕದಲ್ಲಿ ಅಂಥ ಕಾಯ್ದೆ ಬಂದದ್ದು 2022ರಲ್ಲಿ.

ಈಗ ರೇಡಿಯೊ ಸೆಟ್ಟು ಅಟ್ಟ ಸೇರಿದೆ. ಪ್ರಸಾರಕರು ಯೂಟ್ಯೂಬ್, ಆಪ್, ವಾಟ್ಸ್‌ಆಪ್‌ಗೆ ಬಂದಿದ್ದಾರೆ. ಕಾರ್ಯಕ್ರಮದ ಕೊನೆಯಲ್ಲಿ ವಿಳಾಸ ಹೇಳುವ ಜಾಗದಲ್ಲಿ ಮಿಸ್ಡ್ ಕಾಲ್ ಕೊಡಲು ಒಂದು ನಂಬರು. ಅನುಕೂಲವೇನೋ ಹೌದು, ಆದರೆ ರೇಡಿಯೊಗಿದ್ದ ಒಂದು ಗುಣ ಇಲ್ಲಿ ಹೋಯಿತು. ಇಯರ್‌ಫೋನ್ ಸಿಕ್ಕಿಸಿಕೊಂಡು 882 ಕೇಳುತ್ತಿದ್ದವನ ಹೆಸರು ಗೋಪುರಕ್ಕೆ ಗೊತ್ತಾಗುತ್ತಿರಲಿಲ್ಲ, ಪಕ್ಕದ ಮನೆಗೂ ಗೊತ್ತಾಗುತ್ತಿರಲಿಲ್ಲ. ಮುಸ್ಲಿಂ ಮನೆಯೊಳಗೆ ಕುತೂಹಲಕ್ಕೆ ಕೇಳುತ್ತಿದ್ದ ಹೆಂಗಸಿಗೋ ಹುಡುಗನಿಗೋ ಅದು ಗೋಪುರದ 400 ಕಿಲೋವಾಟಿಗಿಂತ ದೊಡ್ಡದು. ಮಿಸ್ಡ್ ಕಾಲ್ ಕೊಟ್ಟರೆ ನಂಬರು ಆ ಕಡೆ ಉಳಿಯುತ್ತದೆ. ಮತ್ತೆ ಕರೆ ಬಂದಾಗ ಫೋನು ಯಾರ ಕೈಯಲ್ಲಿರುತ್ತದೋ. ವಾಟ್ಸ್‌ಆಪ್ ಗುಂಪಿಗೆ ಸೇರಿದರೆ ಗುಂಪಿನಲ್ಲಿರುವವರಿಗೆಲ್ಲ ನಂಬರು ಕಾಣುತ್ತದೆ. ಬರೀ ಕೇಳಿ ನೋಡಬೇಕೆನ್ನುವವರಿಗೆ ಅಟ್ಟದ ಸೆಟ್ಟೇ ಮೇಲು: ಎರಡು ಸೆಲ್ಲು ಹಾಕಿ, ಟ್ಯೂಬ್‌ಲೈಟ್ ಆರಿಸಿ, ಸೆಟ್ಟನ್ನು ಮೆಲ್ಲಗೆ ತಿರುಗಿಸುತ್ತ ದನಿ ತಿಳಿಯಾಗುವ ದಿಕ್ಕು ಹುಡುಕಬೇಕು. ಪಕ್ಕದ ಶೆಡ್ಡಿನ ಮಗ್ಗ ನಿಂತಿರಬೇಕು, ಅಷ್ಟೆ.