ಕಮ್ಮಿ ಬೆಲೆಯದರಲ್ಲಿ ಎದೆಬಡಿತ ಕೇಳುವುದಿಲ್ಲವೆ?

ಮಂಡ್ಯದ ಔಷಧಿ ಅಂಗಡಿಯೊಂದರಲ್ಲಿ ಕೆಲವು ತಿಂಗಳ ಹಿಂದೆ ಕಿವಿಗೆ ಬಿದ್ದ ಮಾತು ಇದು. ಮಳವಳ್ಳಿ ಕಡೆಯ ರೈತರೊಬ್ಬರು ವೈದ್ಯಕೀಯ ಕಾಲೇಜಿಗೆ ಸೇರಿದ ಮಗಳನ್ನು ಕರೆದುಕೊಂಡು ಬಂದಿದ್ದರು. ತಲೆನೋವಿನ ಮಾತ್ರೆಗೆಂದು ಹೋಗಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ. ಅಂಗಡಿಯವರು ಎರಡು ಸ್ಟೆತಾಸ್ಕೋಪುಗಳನ್ನು ಮುಂದಿಟ್ಟರು. ಒಂದರ ಬೆಲೆ ಕೆಲವು ನೂರು ರೂಪಾಯಿ, ಇನ್ನೊಂದರದು ಹಲವು ಸಾವಿರ. ರೈತರು ಎರಡನ್ನೂ ಕೈಯಲ್ಲಿ ತೂಗಿ ನೋಡಿ, "ಅಲ್ಲ ಸಾಮಿ, ಕಮ್ಮಿ ಬೆಲೇದ್ರಲ್ಲಿ ಎದೆ ಬಡಿಯೋದು ಕೇಳಕಿಲ್ವಾ?" ಎಂದರು. ಅಂಗಡಿಯವರು ನಕ್ಕು, "ಕೇಳ್ತದೆ ಯಜಮಾನ್ರೇ, ಆದ್ರೆ..." ಎಂದು ಅಲ್ಲಿಗೇ ನಿಲ್ಲಿಸಿದರು.

ಆ 'ಆದ್ರೆ'ಯ ಮುಂದೆ ಏನಿದೆ ಎಂಬುದು ಸಣ್ಣ ಪ್ರಶ್ನೆಯಲ್ಲ. ಒಂದು ಕಾಲಕ್ಕೆ ಈ ಜಿಲ್ಲೆಯ ಮಕ್ಕಳು ಡಾಕ್ಟರಿಕೆ ಓದಬೇಕೆಂದರೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಿತ್ತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ಮೈಸೂರು ವೈದ್ಯಕೀಯ ಕಾಲೇಜೇ ಹತ್ತಿರದ್ದು. 1980ರ ದಶಕದಲ್ಲಿ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿ ಆದಿಚುಂಚನಗಿರಿ ಸಂಸ್ಥೆಯ ಕಾಲೇಜು, ಈ ಶತಮಾನದ ಮೊದಲ ದಶಕದಲ್ಲಿ ಮಂಡ್ಯದಲ್ಲೇ ಸರ್ಕಾರಿ ಕಾಲೇಜು ಬಂದವು. ಕಬ್ಬು, ರೇಷ್ಮೆ ನಂಬಿದ ಮನೆಗಳಿಂದಲೂ ಮಕ್ಕಳು ಬಿಳಿ ಕೋಟು ತೊಡುತ್ತಿದ್ದಾರೆ. ಅಂಥ ಮನೆಯಲ್ಲಿ ಸಲಕರಣೆಯ ಪಟ್ಟಿ ಓದಿದಾಗ ಅಪ್ಪನ ಮುಖ ಚಿಕ್ಕದಾಗುವುದು ಸಹಜ. ಯಾವುದು ಬೇಕೇ ಬೇಕು, ಯಾವುದು ಬರೀ ಶೋಕಿ ಎಂದು ಹೇಳುವವರು ಕಡಿಮೆ.

ಮೊದಲ ಸಲಕರಣೆಗೆ ಕಾಸು ಬೇಕಿಲ್ಲ, ಅದು ಬೆರಳು. ಮದ್ದೂರಿನ ಎಳನೀರು ಮಾರುಕಟ್ಟೆಗೆ ಹೋಗಿ ನೋಡಿ. ಪಳಗಿದ ಕೈಯವರು ಕಾಯಿಯನ್ನು ಬೆರಳಿನಿಂದ ತಟ್ಟಿ, ಒಳಗೆ ಬರೀ ನೀರೋ ಗಂಜಿಯೋ ಎಂದು ಸದ್ದಿನಲ್ಲೇ ಅಳೆಯುತ್ತಾರೆ. ವಿಯೆನ್ನಾದ ವೈದ್ಯ ಲಿಯೊಪೋಲ್ಡ್ ಔಎನ್‌ಬ್ರುಗ್ಗರ್ 1761ರಲ್ಲಿ ಹೇಳಿದ್ದೂ ಇದನ್ನೇ. ಎದೆಯನ್ನು ಬೆರಳಿನಿಂದ ತಟ್ಟಿದರೆ ಗಾಳಿ ತುಂಬಿದ ಕಡೆ ಒಂದು ಸದ್ದು, ನೀರು ತುಂಬಿದ ಕಡೆ ಮಂದವಾದ ಇನ್ನೊಂದು ಸದ್ದು. ಆತ ಹೋಟೆಲು ನಡೆಸುವವರ ಮಗ. ಅಪ್ಪ ಪೀಪಾಯಿ ತಟ್ಟಿ ದ್ರಾಕ್ಷಾರಸ ಎಷ್ಟಿದೆ ಎಂದು ನೋಡುತ್ತಿದ್ದುದನ್ನು ಕಂಡು ಕಲಿತ ಎಂದು ಹೇಳುತ್ತಾರೆ. ಬಹುಕಾಲ ಯಾರೂ ಹೆಚ್ಚಾಗಿ ಕಿವಿಗೊಡಲಿಲ್ಲ. 1808ರಲ್ಲಿ ನೆಪೋಲಿಯನ್ನನ ವೈದ್ಯ ಕೊರ್ವಿಸಾರ್ ಆ ಪುಸ್ತಕವನ್ನು ಫ್ರೆಂಚಿಗೆ ತಂದ ಮೇಲೆ ಅದಕ್ಕೆ ಬೆಲೆ ಬಂತು.

ಕೊರ್ವಿಸಾರನ ಶಿಷ್ಯನೇ ರೆನೆ ಲೆನೆಕ್. 1816ರಲ್ಲಿ ಪ್ಯಾರಿಸಿನಲ್ಲಿ ಆತನ ಮುಂದೆ ಗುಂಡಿಗೆ ತೊಂದರೆಯ ಯುವತಿಯೊಬ್ಬಳು ಬಂದಳು. ಮೈ ದಪ್ಪ, ತಟ್ಟಿದರೆ ಸದ್ದು ತಿಳಿಯದು. ಆಕೆಯ ಎದೆಗೆ ನೇರವಾಗಿ ಕಿವಿಯಿಡಲು ಸಂಕೋಚ. ಕಾಗದವನ್ನು ಸುರುಳಿ ಸುತ್ತಿ ಒಂದು ತುದಿ ಎದೆಗಿಟ್ಟು ಇನ್ನೊಂದಕ್ಕೆ ಕಿವಿಗೊಟ್ಟ. ಬರಿಗಿವಿಗಿಂತ ಚೆನ್ನಾಗಿ ಕೇಳಿತು! ಆಮೇಲೆ ಮರದ ಕೊಳವೆ ಮಾಡಿಕೊಂಡ. 1819ರಲ್ಲಿ ಆತನ ಗ್ರಂಥ ಬಂದಾಗ ಸ್ವಲ್ಪ ಹೆಚ್ಚು ಹಣ ಕೊಟ್ಟವರಿಗೆ ಪುಸ್ತಕದ ಜೊತೆ ಕೊಳವೆಯೂ ಸಿಗುತ್ತಿತ್ತು. ಎರಡೂ ಕಿವಿಗೆ ಹಾಕುವ ಮಾದರಿ 1850ರ ದಶಕದ ಆರಂಭದ್ದು. ಇಂದಿನ ಹಗುರ ರೂಪಕ್ಕೆ 1960ರ ದಶಕದ ಆರಂಭದಲ್ಲಿ ಅಮೆರಿಕದ ಹೃದಯತಜ್ಞ ಡೇವಿಡ್ ಲಿಟ್‌ಮನ್ ಕಾರಣ. ವಿದ್ಯಾರ್ಥಿಗಳು ಆಸೆಗಣ್ಣಿನಿಂದ ನೋಡುವ ದುಬಾರಿ ಸ್ಟೆತಾಸ್ಕೋಪಿನ ಮೇಲಿರುವುದು ಇವರ ಹೆಸರೇ.

ಈಗ ಆ 'ಆದ್ರೆ'ಗೆ ಬರೋಣ. ಎದೆಯ ಸದ್ದುಗಳಲ್ಲಿ ತಗ್ಗಿನವೂ ಇವೆ, ಏರಿನವೂ ಇವೆ. ಸ್ಟೆತಾಸ್ಕೋಪಿನ ತುದಿಯಲ್ಲಿ ಒಂದು ಕಡೆ ಬಿಗಿದ ಪೊರೆ, ಇನ್ನೊಂದು ಕಡೆ ಗಂಟೆಯಂಥ ಬಟ್ಟಲು ಇರುವುದು ಅದಕ್ಕೇ. ನಮ್ಮ ಊರಹಬ್ಬಗಳಲ್ಲಿ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸುವುದನ್ನು ನೋಡಿದ್ದೀರಲ್ಲ? ಚರ್ಮ ಬಿಗಿಯಾದಂತೆ ಸದ್ದು ಏರುತ್ತದೆ. ಇಲ್ಲಿಯೂ ಹಾಗೇ. ಬಿಗಿ ಪೊರೆಯಲ್ಲಿ ಉಸಿರಾಟದ ಸದ್ದು, ಕವಾಟ ಮುಚ್ಚಿಕೊಳ್ಳುವ ಸದ್ದು ಚೆನ್ನಾಗಿ ಬರುತ್ತವೆ. ತಗ್ಗಿನ ಸದ್ದಿಗೆ ಬಟ್ಟಲನ್ನು ಮೈಗೆ ಸೋಕಿದಂತೆ ಹಗುರವಾಗಿ ಇಡಬೇಕು. ಒತ್ತಿ ಹಿಡಿದರೆ ರೋಗಿಯ ಚರ್ಮವೇ ಬಿಗಿದು ಪೊರೆಯಾಗಿ, ಕೇಳಬೇಕಾದ ಸದ್ದು ಮಾಯ.

ಆ ತಗ್ಗಿನ ಸದ್ದು ಅಂಥ ದೊಡ್ಡ ವಿಷಯವೆ? ಹೌದು. ಚಿಕ್ಕಂದಿನ ಗಂಟಲು ನೋವು ಕೆಲವರಲ್ಲಿ ರುಮ್ಯಾಟಿಕ್ ಜ್ವರವಾಗಿ, ಮುಂದೆ ಗುಂಡಿಗೆಯ ಮೈಟ್ರಲ್ ಕವಾಟವನ್ನು ಕಿರಿದಾಗಿಸುತ್ತದೆ. ಭಾರತದಲ್ಲಿ ಇದಿನ್ನೂ ಅಳಿದಿಲ್ಲ. ಕೆಲವರಿಗೆ ಗೊತ್ತಾಗುವುದೇ ಬಸಿರಿಯಾದಾಗ ಉಸಿರು ಕಟ್ಟತೊಡಗಿದ ಮೇಲೆ. ಆ ಕಿರಿದಾದ ಕವಾಟದ ಗುಡುಗಿನಂಥ ಮಂದ ಸದ್ದು ಸಿಗುವುದು ಬಟ್ಟಲಿನಲ್ಲಿ, ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿದಾಗ. ಆದ್ದರಿಂದ ಕೊಳ್ಳುವಾಗ ನೋಡಬೇಕಾದ್ದು ಮೇಲಿನ ಹೆಸರಲ್ಲ. ಎರಡೂ ಬದಿ ಇದೆಯೆ, ಅಥವಾ ಒಂದೇ ಬದಿಯಾದರೂ ಹಗುರಕ್ಕೆ ಒಂದು, ಒತ್ತಿದರೆ ಇನ್ನೊಂದು ಸದ್ದು ಕೇಳಿಸುವ ಪೊರೆಯಿದೆಯೆ, ಕಿವಿಗುಂಡು ಕಿವಿಯಲ್ಲಿ ಬಿಗಿಯಾಗಿ ಕೂರುತ್ತದೆಯೆ, ಕೊಳವೆಯ ಸಂದುಗಳಲ್ಲಿ ಗಾಳಿ ಸೋರುತ್ತದೆಯೆ ಎಂಬುದನ್ನು. ಸೋರುವ ಸ್ಟೆತಾಸ್ಕೋಪ್ ತೂತಾದ ಕೊಡದ ಹಾಗೆ, ಹೊರಗಿನ ಗದ್ದಲವೆಲ್ಲ ಒಳಗೆ. ಹಾಕಿಕೊಂಡಾಗ ಕಿವಿಗುಂಡು ಮುಂದಕ್ಕೆ, ಮೂಗಿನ ಕಡೆಗೆ ವಾಲಿರಬೇಕು. ತಿರುವುಮುರುವಾಗಿ ಹಾಕಿಕೊಂಡು, ಇದು ಕೆಟ್ಟಿದೆ ಎಂದು ಅಂಗಡಿಗೆ ವಾಪಸು ತರುವ ಹೊಸಬರೂ ಇದ್ದಾರಂತೆ.

ಬೆಲೆಗೂ ಸದ್ದಿಗೂ ಇರುವ ನಂಟು ನಾವು ಎಣಿಸಿದಷ್ಟು ಗಟ್ಟಿಯಲ್ಲ. ಗಾಜಾದಲ್ಲಿ ಸ್ಟೆತಾಸ್ಕೋಪುಗಳ ಕೊರತೆ ಕಂಡ ಪ್ಯಾಲೆಸ್ತೀನಿ-ಕೆನಡಿಯನ್ ವೈದ್ಯ ತಾರೆಕ್ ಲೌಬಾನಿ ಮತ್ತು ಜೊತೆಗಾರರು ಮೂರು ಆಯಾಮದ ಮುದ್ರಣ ಯಂತ್ರದಲ್ಲಿ ಪ್ಲಾಸ್ಟಿಕ್ ಸ್ಟೆತಾಸ್ಕೋಪ್ ಮಾಡಿದರು. ಖರ್ಚು ಸುಮಾರು ಮೂರು ಡಾಲರ್. 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರ ಸದ್ದು ಹೆಸರಾಂತ ದುಬಾರಿ ಮಾದರಿಗೆ ಸಾಟಿಯಾಗಿಯೇ ಕಂಡಿತು. ಹಾಗೆಂದು ಅಗ್ಗದ್ದೆಲ್ಲ ಒಳ್ಳೆಯದಲ್ಲ. ದೊಡ್ಡ ಕಂಪನಿಯ ಹೆಸರು ಒತ್ತಿದ ನಕಲಿ ಮಾಲಿಗೆ ಅರೆಬೆಲೆ ಕೊಡುವುದಕ್ಕಿಂತ, ಸ್ವಂತ ಹೆಸರಿನಲ್ಲೇ ಬರುವ ಸಾದಾ ದೇಶೀ ಮಾಲು ಮೇಲು ಎಂಬುದು ನನ್ನ ಅನಿಸಿಕೆ.

ಅಂಗಡಿಗಳಲ್ಲಿ ಹೆಚ್ಚು ಎಡವಟ್ಟಾಗುವುದು ಶ್ರುತಿಕವೆಯ ವಿಷಯದಲ್ಲಿ. ನೋಡಲು ಎಲ್ಲ ಒಂದೇ ತರಹ, ಮೇಲೆ ಕೆತ್ತಿದ ಅಂಕಿ ಮಾತ್ರ ಬೇರೆ. 512 ಕಂಪನದ್ದು ಕಿವಿಯ ಪರೀಕ್ಷೆಗೆ. 128ರದ್ದನ್ನು ಕಾಲಿನ ಹೆಬ್ಬೆರಳ ಮೂಳೆಯ ಮೇಲಿಟ್ಟು, "ಗುಯ್ ಅಂತಿದೆಯಾ?" ಎಂದು ಕೇಳಬೇಕು. ಹಳೆಯ ಸಕ್ಕರೆ ಕಾಯಿಲೆಯವರಿಗೆ ಎಷ್ಟೋ ಸಲ ಅದು ತಿಳಿಯುವುದಿಲ್ಲ. ಕಬ್ಬಿನ ಕೂಳೆ ಚುಚ್ಚಿದ್ದೂ ತಿಳಿಯದೆ ಬರಿಗಾಲಲ್ಲಿ ಗದ್ದೆಗಿಳಿಯುವವರ ಹುಣ್ಣು ಬೆಳೆದು ಕಾಲನ್ನೇ ತೆಗೆಯುವ ಸ್ಥಿತಿ ಬರಬಹುದು. ನಮ್ಮ ಕಡೆಯಲ್ಲಿ ಡಾಕ್ಟರಾಗುವವರ ಚೀಲದಲ್ಲಿ 128ರ ಕವೆ ಇರಲೇಬೇಕು.

ರಕ್ತದೊತ್ತಡ ನೋಡುವ ಪಟ್ಟಿ ಇಟಲಿಯ ರಿವಾ-ರೋಚಿ 1896ರಲ್ಲಿ ಕೊಟ್ಟದ್ದು. ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಕೇಳುವುದನ್ನು 1905ರಲ್ಲಿ ತೋರಿಸಿದವರು ರಷ್ಯದ ಶಸ್ತ್ರವೈದ್ಯ ಕೊರೊಟ್ಕಾಫ್. ಹಳೆಯ ಪಾದರಸದ ಯಂತ್ರ ನಂಬಿಕೆಯದ್ದು, ಆದರೆ ಪಾದರಸ ವಿಷ. ಅದನ್ನು ಕೈಬಿಡಲು 2013ರಲ್ಲಿ ಆದ ಮಿನಮಾಟ ಒಪ್ಪಂದಕ್ಕೆ ಭಾರತವೂ 2018ರಲ್ಲಿ ಸೇರಿತು. ಮುಳ್ಳಿನ ಯಂತ್ರ ಕೊಂಡವರು ಆಗಾಗ್ಗೆ ಸರಿಯಾದ ಯಂತ್ರದ ಜೊತೆ ಹೋಲಿಸಿ ನೋಡಬೇಕು. ಪಟ್ಟಿಯೊಳಗಿನ ರಬ್ಬರ್ ಚೀಲ ತೋಳಿನ ಸುತ್ತಳತೆಯ ನೂರಕ್ಕೆ 80 ಭಾಗವನ್ನಾದರೂ ಸುತ್ತಬೇಕು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಇಲ್ಲದ ಒತ್ತಡ ತೋರಿಸಿ, ಆರೋಗ್ಯವಂತರಿಗೂ ಮಾತ್ರೆ ಬರೆಸಿಬಿಡಬಹುದು.

ಮಂಡಿಗೆ ಬಡಿಯುವ ಸುತ್ತಿಗೆ, ಸಣ್ಣ ಟಾರ್ಚು, ಅಳತೆಯ ಟೇಪು ಅಗ್ಗದಲ್ಲೇ ಸಾಕು. ಪಾಸಾಗಿ ಹೋಗುವ ಹಿರಿಯರಿಂದಲೂ ಸಿಗುತ್ತವೆ. ಕಣ್ಣಿನ ಒಳಗು ನೋಡುವ ಸಲಕರಣೆಗೆ ಅವಸರ ಬೇಡ, ಅದು ವಿಭಾಗದಲ್ಲೇ ಇರುತ್ತದೆ. ಕೊರೊನಾ ಕಾಲದಲ್ಲಿ ಮನೆಮಾತಾದ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಕಪ್ಪು ಬಣ್ಣದ ಚರ್ಮದವರಲ್ಲಿ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ಹೇಳಿದ್ದು ನೆನಪಿರಲಿ.

ಅಂಗಡಿಯ ಕಥೆ ಮುಗಿದಿಲ್ಲ. ಹುಡುಗಿ ಅಗ್ಗದ್ದನ್ನೇ ಎತ್ತಿ ಅಪ್ಪನ ಕಿವಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಅವರ ಅಂಗಿಯೊಳಗೆ ತೂರಿಸಿ ಎದೆಗಿಟ್ಟಳು. ಅವರು ಕಣ್ಣರಳಿಸಿ ಸ್ವಲ್ಪ ಹೊತ್ತು ಕೇಳಿದರು. "ಪಂಪ್‌ಸೆಟ್ ಇದ್ದಂಗದೆ ಕಣವ್ವ" ಎಂದರು. ಅದನ್ನೇ ಕಟ್ಟಿಸಿಕೊಂಡು, ಉಳಿದ ದುಡ್ಡಿನಲ್ಲಿ 128ರ ಕವೆಯನ್ನೂ ಸುತ್ತಿಗೆಯನ್ನೂ ತೆಗೆದುಕೊಂಡು, ಮಳವಳ್ಳಿ ಬಸ್ಸಿಗೆ ಹೊತ್ತಾಯಿತೆಂದು ಹೊರಟರು.