ತಾಯಿಯ ಹಾಲು, ಪುಡಿಯ ಹಾಲು

ಕಂಪ್ಲಿಯ ಗದ್ದೆಗಳಲ್ಲಿ ನಾಟಿ ಮಾಡುವ, ಹಂಪೆಯ ಬಾಳೆಯ ತೋಟಗಳಲ್ಲಿ ದುಡಿಯುವ, ಸಂಡೂರು ಹೊಸಪೇಟೆಗಳ ಶಾಲೆ ಕಚೇರಿಗಳಿಗೆ ಹೋಗುವ ತಾಯಂದಿರಿಗೆಲ್ಲ ಒಂದೇ ಪ್ರಶ್ನೆ ಎದುರಾಗುತ್ತದೆ: ಹಗಲೆಲ್ಲ ತಾವು ದೂರವಿದ್ದರೆ ಹಸುಗೂಸಿಗೆ ಹಾಲೂಡುವ ಬಗೆ ಹೇಗೆ? ಶಿಶುವಿಗೆ ಮೊದಲ ಆರು ತಿಂಗಳು ತಾಯಿಯ ಹಾಲೊಂದೇ ಸಾಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮತ. 1961ರ ಹೆರಿಗೆ ಸೌಲಭ್ಯ ಕಾಯಿದೆಯು ನೀಡಿದ್ದ 12 ವಾರಗಳ ರಜೆಯನ್ನು 2017ರ ತಿದ್ದುಪಡಿಯು, ಮೊದಲೆರಡು ಮಕ್ಕಳ ಮಟ್ಟಿಗೆ, 26 ವಾರಗಳಿಗೆ ಏರಿಸಿತು. ಆದರೆ ದಿನಗೂಲಿಗೆ ನಾಟಿಗೆ ಹೋಗುವ ತಾಯಿಗೆ ಸಂಬಳದ ರಜೆಯೆಲ್ಲಿಯದು?

ಕೆಲಸಕ್ಕೆ ಹೊರಟೊಡನೆ ಮೊಲೆಯೂಡುವುದನ್ನು ಪೂರ್ತಿ ನಿಲ್ಲಿಸಬೇಕೆಂದು ಹಲವರು ತಿಳಿಯುತ್ತಾರೆ. ದೇಹಧರ್ಮ ಹಾಗೆ ಹೇಳುವುದಿಲ್ಲ. ಮಗು ಚೀಪಿದಾಗ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ರಕ್ತಕ್ಕೆ ಬರುತ್ತವೆ; ಪ್ರೊಲ್ಯಾಕ್ಟಿನ್ ಹಾಲನ್ನು ಉತ್ಪಾದಿಸುತ್ತದೆ, ಆಕ್ಸಿಟೋಸಿನ್ ಅದನ್ನು ಹೊರದೂಡುತ್ತದೆ. ಹಾಲು ಖಾಲಿಯಾದಷ್ಟೂ ಹೊಸ ಹಾಲು ಊರುತ್ತದೆ. ತುಂಬಿಯೇ ಉಳಿದರೆ ಉತ್ಪತ್ತಿ ಕುಗ್ಗುತ್ತದೆ. ಹಠಾತ್ತನೆ ನಿಲ್ಲಿಸಿದರೆ ಸ್ತನಗಳು ಬಿಗಿದು ನೋಯುವುವು, ಬಾವೂ ಬರಬಹುದು. ಆದುದರಿಂದ ಹಗಲಿನ ಒಂದೊಂದೇ ಊಟವನ್ನು ಕೆಲವು ದಿನಗಳ ಅಂತರದಲ್ಲಿ ಬದಲಿಸುವುದು ಲೇಸು. ಬೆಳಗ್ಗೆ, ಸಂಜೆ, ರಾತ್ರಿ ಮೊಲೆಯೂಡುತ್ತಿದ್ದರೆ ಹಾಲು ಬತ್ತದೆ ಬಹುಕಾಲ ಉಳಿಯಬಲ್ಲದು. ಹಗಲಿಗಾಗಿ ಹಾಲನ್ನು ಶುಚಿಯಾಗಿ ಹಿಂಡಿಡುವುದೂ ಸಾಧ್ಯ. ಆದರೆ ನಮ್ಮ ಬೇಸಗೆಯ ಸೆಕೆಯಲ್ಲಿ ಅದನ್ನು ತಂಪಿನಲ್ಲಿಡಲೇಬೇಕು.

ಅದೂ ಆಗದಿದ್ದಲ್ಲಿ ಪುಡಿಯ ಹಾಲು ನೆರವಿಗೆ ಬರುತ್ತದೆ. ಹಸುವಿನ ಹಾಲನ್ನು ಹಾಗೆಯೇ ಕೊಡಬಾರದೇಕೆ? ತಾಯಿಯ ಹಾಲಿನಲ್ಲಿ ಪ್ರೋಟೀನು ಶೇಕಡ 1ರಷ್ಟು. ಹಸುವಿನದರಲ್ಲಿ ಅದರ ಮೂರು ಪಟ್ಟು. ಅಷ್ಟು ಪ್ರೋಟೀನು ಮತ್ತು ಲವಣಗಳು ಎಳೆಯ ಮೂತ್ರಪಿಂಡಗಳಿಗೆ ಹೊರೆ. ಕಬ್ಬಿಣದ ಅಂಶವಾದರೋ ಅತ್ಯಲ್ಪ. ಶಿಶು ಆಹಾರದ ಪುಡಿಯಲ್ಲಿ ಈ ಪ್ರಮಾಣಗಳನ್ನು ಸರಿಪಡಿಸಿರುತ್ತಾರೆ. ಎಮ್ಮೆಯ ಹಾಲಿನಿಂದ ಇಂತಹ ಪುಡಿಯನ್ನು ತಯಾರಿಸುವ ವಿಧಾನವನ್ನು 1950ರ ದಶಕದಲ್ಲಿ ರೂಪಿಸಿದುದು ನಮ್ಮ ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ. ಗುಜರಾತಿನ ಖೇಡಾ ಜಿಲ್ಲೆಯ ಸಹಕಾರ ಸಂಘವು ಅದನ್ನು ಕಾರ್ಖಾನೆಗೆ ತಂದಿತು. ಆದರೂ ತಾಯಿಯ ಹಾಲಿನಲ್ಲಿರುವ ರೋಗನಿರೋಧಕ ವಸ್ತುಗಳು ಡಬ್ಬಿಯಲ್ಲಿ ದೊರೆಯುವುದಿಲ್ಲ.

ಪುಡಿಯ ಅಪಾಯವಿರುವುದು ಬಹುಮಟ್ಟಿಗೆ ಅದನ್ನು ಬೆರೆಸುವ ಕೈಯಲ್ಲಿ. ಪುಡಿ ಸಂಪೂರ್ಣ ಕ್ರಿಮಿಮುಕ್ತವಲ್ಲ. ಆದುದರಿಂದ ನೀರನ್ನು ಕುದಿಸಿ, ಅದು 70 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಮೊದಲೇ ಪುಡಿಯನ್ನು ಬೆರೆಸಿ, ಬಳಿಕ ಆರಿಸಿ ಕುಡಿಸಬೇಕು. ಬೆರೆಸಿದ ಹಾಲನ್ನು ಎರಡು ಗಂಟೆಗಳೊಳಗೆ ಬಳಸಬೇಕು; ಮಗು ಕುಡಿದು ಬಿಟ್ಟುದನ್ನು ಚೆಲ್ಲಬೇಕು. ಡಬ್ಬಿ ಬಹಳ ದಿನ ಬರಲೆಂದು ನೀರು ಹೆಚ್ಚಿಸಿದರೆ ಮಗು ಹೊಟ್ಟೆ ತುಂಬಿಯೂ ಸೊರಗುತ್ತದೆ. ಪುಷ್ಟಿಗೆಂದು ಪುಡಿ ಹೆಚ್ಚಿಸಿದರೂ ಕೆಡುಕೇ. ಡಬ್ಬಿಯ ಅಳತೆಚಮಚವೇ ಪ್ರಮಾಣ. ಸಂದುಗಳಲ್ಲಿ ಹಾಲು ನಿಲ್ಲುವ ಬಾಟಲಿಗಿಂತ ಸುಲಭವಾಗಿ ತೊಳೆದು ಕುದಿಸಬಹುದಾದ ನಮ್ಮ ಹಳೆಯ ಒಳಲೆಯೇ ಮೇಲು.

ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರು ಅಜ್ಜಿಯೋ ಅಕ್ಕನೋ ಆಗಿರಬಹುದು. ಡಬ್ಬಿಯ ಮೇಲಿನ ಬರಹವನ್ನು ಓದಬಲ್ಲ ವಿದ್ಯಾರ್ಥಿಗಳು ಅವರಿಗೆ ಈ ಅಳತೆಯನ್ನು ತಿಳಿಸಿ, ಮಗುವಿನ ತೂಕ ಏರದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯುವಂತೆ ಹೇಳಬೇಕು. ಕಲಿತ ವಿಜ್ಞಾನಕ್ಕೆ ಇದಕ್ಕಿಂತ ಹತ್ತಿರದ ಉಪಯೋಗ ಬೇರೆಯಿಲ್ಲ.