ಸರಬರಾಜು ನೌಕೆಯಲ್ಲಿ ಮೊದಲ ಕೆಲಸ

ಮುಂಬಯಿಯ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದ ಕಡಲಿನಲ್ಲಿ, 1974ರಲ್ಲಿ ಪತ್ತೆಯಾದ ಮುಂಬಯಿ ಹೈ ತೈಲಕ್ಷೇತ್ರವಿದೆ. ಅಲ್ಲಿನ ಪ್ಲಾಟ್‌ಫಾರಂಗಳಿಗೆ ಡೀಸೆಲ್, ಸಿಮೆಂಟು, ಕೊಳವೆ, ಆಹಾರ ಸಾಮಗ್ರಿಗಳನ್ನು ಒಯ್ಯುವುದು ಸರಬರಾಜು ನೌಕೆಗಳು. ಇವುಗಳಲ್ಲಿ ಹೊಸಬರಿಗೆ ಕೆಲಸ ಸಿಗುವುದು ಹೇಗೆ ಎಂದು ನಮ್ಮ ಕರಾವಳಿಯ ತರುಣರು ಕೇಳುವುದುಂಟು.

ಮೊದಲ ಮೆಟ್ಟಿಲು ತರಬೇತಿ ಖಲಾಸಿಯದು. ಹಗ್ಗ ಕಟ್ಟುವುದು, ತುಕ್ಕು ಕೆರೆದು ಬಣ್ಣ ಬಳಿಯುವುದು, ಹೊಯ್ದಾಡುವ ಡೆಕ್ಕಿನ ಮೇಲೆ ನಿಂತು ಕ್ರೇನಿನ ಕೊಕ್ಕೆಗೆ ಸರಕು ಸಿಕ್ಕಿಸುವುದು ಅವನ ಕೆಲಸ.

ಇದಕ್ಕೆ ದಾರಿ ಹೀಗಿದೆ. ಹತ್ತನೇ ತರಗತಿ ಪಾಸಾದವರು ಹಡಗು ಸಾರಿಗೆ ಮಹಾನಿರ್ದೇಶನಾಲಯದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಆರು ತಿಂಗಳ ಜಿ.ಪಿ. ರೇಟಿಂಗ್ ತರಬೇತಿ ಪಡೆಯಬಹುದು. ದೃಷ್ಟಿ ಚೆನ್ನಾಗಿರಬೇಕು, ಬಣ್ಣಗುರುಡು ಇರಬಾರದು. ಬೆಂಕಿ ಆರಿಸುವುದು, ನೀರಿನಲ್ಲಿ ಜೀವ ಉಳಿಸಿಕೊಳ್ಳುವುದು, ಪ್ರಥಮ ಚಿಕಿತ್ಸೆ ಇವುಗಳ ಪ್ರಮಾಣಪತ್ರಗಳೂ, ಸಿ.ಡಿ.ಸಿ. ಎಂಬ ನಾವಿಕರ ಪುಸ್ತಕವೂ ಬೇಕು. ಮೀನುಗಾರಿಕೆಯ ಅನುಭವ ಕೆಲಸದಲ್ಲಿ ನೆರವಾದೀತು. ಆದರೆ ಈ ಕಾಗದಗಳ ಬದಲಿಗೆ ನಡೆಯದು.

ಸುರಕ್ಷತಾ ಪಾಠವನ್ನು ಕೇವಲ ಸರ್ಟಿಫಿಕೇಟಿಗಾಗಿ ಕಲಿಯಬೇಡಿ. 2021ರ ಮೇ 17ರಂದು ತೌಕ್ತೆ ಚಂಡಮಾರುತಕ್ಕೆ ಪಿ-305 ಬಾರ್ಜ್ ಮತ್ತು ವರಪ್ರದಾ ಟಗ್ ಮುಳುಗಿ 80ಕ್ಕೂ ಹೆಚ್ಚು ಮಂದಿ ಸತ್ತರು.

ಕೊನೆಯದಾಗಿ ಒಂದು ಎಚ್ಚರಿಕೆ. ನಾವಿಕರನ್ನು ನೇಮಿಸುವ ಏಜೆಂಟರಿಗೆ ಮಹಾನಿರ್ದೇಶನಾಲಯದ ಲೈಸೆನ್ಸ್ ಇರಲೇಬೇಕು. ಕೆಲಸ ಕೊಡಿಸಲು ನಾವಿಕನಿಂದ ಹಣ ಪಡೆಯುವುದು ಕಾನೂನುಬಾಹಿರ. ಯಾರಾದರೂ ಲಕ್ಷಗಟ್ಟಲೆ ಕೇಳಿದರೆ, ತಂದೆಯ ಜಮೀನು ಅಡವಿಡುವ ಮೊದಲು ಆ ಲೈಸೆನ್ಸಿನ ನಂಬರನ್ನು ಮಹಾನಿರ್ದೇಶನಾಲಯದಲ್ಲಿ ವಿಚಾರಿಸಿ.